ಪಾಪಯ್ಯನವರ ಬುಕ್ಕಿನಲ್ಲಿ ಸಂಡಿಗೆ

ಹಾಸನ–ಶಾಂತಿಗ್ರಾಮ ರಸ್ತೆಯ ಪಕ್ಕದ ಮಣ್ಣು ಪರೀಕ್ಷೆಯ ಪ್ರಯೋಗಾಲಯ. ಬೆಳಗಿನ ಆರು ಗಂಟೆ. ಆಸಿಡ್ ಕುದಿಸುವ ಗಾಜಿನ ಗೂಡಿನ ಮುಂದೆ ಪಾಪಯ್ಯ ಊದುಬತ್ತಿ ಹಚ್ಚಿ ಹಿಡಿದಿದ್ದಾರೆ. ಮೊದಲ ಬಸ್ಸಿನವರು ಕಿಟಕಿಯಲ್ಲಿ ಇದನ್ನು ಕಂಡು ಕೈಮುಗಿಯುವುದೂ ಉಂಟು.

'ಪೂಜೆ ಅಲ್ಲ ಸಾ. ಹೊಗೆ ಒಳಿಕ್ಕೆ ಹೋದ್ರೆ ಫ್ಯಾನು ಸರಿ ಐತೆ. ನನ್ ಮೂತಿಗೆ ಬಂದ್ರೆ, ಆಮೇಲೆ ಆಸಿಡ್ ಕುದ್ಸೋ ಉಡ್ಗೀರ ಮೂತಿಗೂ ಅಂಗೇ ಬತ್ತದೆ.'

ಮುಂದಿನ ಕೆಲಸ ಸೂರಿನ ಕಿಂಡಿಗಳದು. ಬೆಳಗಿನ ತಂಪನ್ನು ಒಳಗೆ ತುಂಬಿಕೊಂಡು ಒಂಬತ್ತಕ್ಕೆ ಮುಚ್ಚಿದರೆ, ದಪ್ಪ ಗೋಡೆಯ ಈ ಕಟ್ಟಡಕ್ಕೆ ಸಂಜೆಯವರೆಗೆ ಎಸಿ ಬೇಕಿಲ್ಲ. ಇಂದು ಹೊರಗೆ ಹತ್ತೊಂಬತ್ತು ಡಿಗ್ರಿ, ಒಳಗೆ ಇಪ್ಪತ್ತಮೂರು. ರಾತ್ರಿ ಉರಿದ ಕರೆಂಟು ನಾಲ್ಕು ಯೂನಿಟ್. ಎಲ್ಲವೂ ಬುಕ್ಕಿಗೆ ಏರುತ್ತದೆ.

ಐವತ್ತೆರಡರ ಪಾಪಯ್ಯ ಇಪ್ಪತ್ತು ವರ್ಷ ರಾಮನಾಥಪುರದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗಳಲ್ಲಿ ಬೆಂಕಿ ಕಾದವರು. ಅವರ ಅಂಗೈ ಥರ್ಮಾಮೀಟರಿಗಿಂತ ಅರ್ಧ ಡಿಗ್ರಿ ನಿಖರ ಎನ್ನುತ್ತಾರೆ ಅಲ್ಲಿಯವರು; ಥರ್ಮಾಮೀಟರ್ ಇದುವರೆಗೆ ತಕರಾರು ಎತ್ತಿಲ್ಲ. ಕೆಮ್ಮು ಹತ್ತಿ ಆ ಕೆಲಸ ಬಿಟ್ಟಾಗ, ಈ ಕಟ್ಟಡ ಕಟ್ಟಿದ ಇಂಜಿನಿಯರ್ ಸಮರ್ಥರು ಪಾಪಯ್ಯನವರನ್ನು ಇಲ್ಲಿಗೆ ಕರೆತಂದರು. ಹೆಂಡತಿ ಪಾರ್ವತಮ್ಮನಿಗೂ ಕಸ ಗುಡಿಸುವ ಕೆಲಸ ಸಿಕ್ಕಿತು. ಷರತ್ತು ಒಂದೇ: ವರ್ಷದ ಕೊನೆಗೆ ಸಮಿತಿ ಬಂದು ನೋಡಿದಾಗ ಕರೆಂಟಿನ ಲೆಕ್ಕ ಸರಿಬರಬೇಕು. ಬಾರದಿದ್ದರೆ ಕಿಂಡಿಗಳಿಗೆ ಸಿಮೆಂಟು, ಗೋಡೆಗೆ ಎಸಿ, ಪಾಪಯ್ಯನಿಗೆ ಮನೆಯ ದಾರಿ.

ಮೊದಲ ವರ್ಷದ ಆಷಾಢದಲ್ಲಿ ರಾತ್ರಿಯ ಲೆಕ್ಕ ನಾಲ್ಕರಿಂದ ಹದಿನಾಲ್ಕಕ್ಕೆ ಹಾರಿತು. ಮೂರು ದಿನ ಹಾಗೇ. ನಾಲ್ಕನೆಯ ಬೆಳಗ್ಗೆ ಪಾಪಯ್ಯ ಗೂಡಿನ ಫ್ಯಾನಿನ ಮೋಟಾರು ಮುಟ್ಟಿದರೆ ಬಿಸಿ. ಗಾಜು ಎತ್ತಿದರು, ಮೂಲೆಯಲ್ಲಿ ಒಂದು ಚೂರು ಬಿಳಿ ವಸ್ತು. ಬಾಯಿಗೆ ಹಾಕಿಕೊಂಡರು. ಸಂಡಿಗೆ. ಉಪ್ಪು ಒಂದು ಚಿಟಿಕೆ ಕಡಿಮೆ. ಮನೆಯದೇ.

'ಲೇ ಪಾರ್ವತಿ, ಇಲ್ಲಿ ಸಂಡಿಗೆ ಒಣಾಕಿದ್ಯಾ?'

'ಇನ್ನೆಲ್ಲಿ ಒಣಾಕ್ಲಿ? ವಾರದಿಂದ ಬಿಸ್ಲು ಕಂಡಿದ್ದೀರಾ? ಇನ್ನೂ ಆಸಿಡ್ಡೇ ಬಂದಿಲ್ಲ, ಗೂಡು ಸುಮ್ಕೆ ಕುಂತಿತ್ತು. ಸಂಜೆ ಹಾಕಿ ಬೆಳಿಗ್ಗೆ ಎತ್ಕೊತಿದ್ದೆ. ಬರೀ ಗಾಳಿ ತಾನೆ?'

'ಗಾಳಿಗೂ ಮೀಟ್ರು ಓಡ್ತದೆ ಕಣೇ. ಈಗ ಬುಕ್ಕಿಗೆ ಏನಂತ ಬರೀಲಿ?'

'ಇಲಿ ಅಂತ ಬರೀರಿ.'

'ಇಲಿ ಸ್ವಿಚ್ಚು ಒತ್ತುತ್ತಾ?'

ಪಾರ್ವತಮ್ಮ ಪೊರಕೆ ಕೆಳಗಿಟ್ಟರು. 'ನನ್ ಹೆಸ್ರೇ ಬರ್ಕೊಳ್ಳಿ. ಕಸ ಗುಡ್ಸೋ ಕೆಲ್ಸ ಇನ್ನೆಲ್ಲಾದ್ರೂ ಸಿಕ್ತದೆ. ಆ ಬುಕ್ಕಲ್ಲಿ ಸುಳ್ಳು ಬರುದ್ರೆ ನಿಮ್ಗೆ ಅನ್ನ ಇಳಿಯಾಕಿಲ್ಲ.'

ಮಾರ್ಚಿನಲ್ಲಿ ಬೆಂಗಳೂರಿನಿಂದ ಮೂವರ ಸಮಿತಿ ಬಂತು. ಬುಕ್ಕಿನ ತುಂಬ ನಾಲ್ಕು, ನಾಲ್ಕು, ನಾಲ್ಕು. 'ಇದೇನು, ಮನೇಲಿ ಕೂತು ಬರೆದಿದ್ದಾ?' ಎಂದರು ಹಿರಿಯರು. ಸಮರ್ಥ ಬೆವರು ಒರೆಸಿಕೊಂಡರು. ಹಿರಿಯರು ಆಷಾಢದ ಹಾಳೆಗೆ ಬಂದು ನಿಂತರು: 'ಹದಿನಾಲ್ಕು. ಕಾರಣ: ಸಂಡಿಗೆ. ಒಣಹಾಕಿದವರು: ನನ್ನ ಹೆಂಡತಿ ಪಾರ್ವತಮ್ಮ.'

ಅವರು ಎರಡು ಸಲ ಓದಿದರು. 'ಹೆಂಡತಿ ಹೆಸರು ಬರೆದಿರೋ ಮನುಷ್ಯ ಯೂನಿಟ್ಟು ಸುಳ್ಳು ಬರೆಯೋಲ್ಲ' ಎಂದು ರುಜು ಹಾಕಿದರು. ಕಿಂಡಿಗಳು ಉಳಿದವು. ಪಾರ್ವತಮ್ಮನೂ ಉಳಿದರು, ಸಂಡಿಗೆ ಮಾತ್ರ ತಾರಸಿಗೆ ವರ್ಗವಾಯಿತು. ಹೊರಡುವಾಗ ಮೂವರೂ ಒಂದೊಂದು ಪೊಟ್ಟಣ ಒಯ್ದರು ಎಂಬುದು ಬುಕ್ಕಿನಲ್ಲಿಲ್ಲ.

ಈಗ ದಿನಾ ಸಂಜೆ ಬೀಗ ಬೀಳುವ ಮುನ್ನ ಪಾರ್ವತಮ್ಮ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿ ಬರುತ್ತಾರೆ. ಯಾರೂ ಹೇಳಿದ್ದಲ್ಲ.

'ಅದ್ನೂ ಬರೀಬೇಕು ಅಂತ ಆಸೆ ಸಾ' ಎನ್ನುತ್ತಾರೆ ಪಾಪಯ್ಯ, ಹಾಳೆಯ ಮೇಲೆ ಬೆರಳಾಡಿಸುತ್ತ. 'ಹೆಚ್ಚುಕಮ್ಮಿ ಆದ್ರೆ ಬರಿಯಾಕೆ ಜಾಗ ಐತೆ. ದಿನಾ ಸರಿಯಾಗಿ ಮಾಡೋರ ಹೆಸ್ರು ಬರಿಯಾಕೆ ಇಂಜಿನಿಯರ್ ಸಾಹೇಬ್ರು ಗೆರೆನೇ ಎಳ್ದಿಲ್ಲ.'