ಪೈಪು ಮೂಸುವ ಪರ್ವತಯ್ಯ

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನು ಮಾರುವ ಪರ್ವತಯ್ಯನವರಿಗೆ, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪಿನ ಹೊಸ ಸುರುಳಿ ಬಂದ ದಿನವೇ ಹಬ್ಬ! ಗಿರಾಕಿಗಳು ಕಾಯುತ್ತಿದ್ದರೂ ಮೊದಲು ಪೈಪನ್ನು ಮೂಸುತ್ತಾರೆ, ಬಗ್ಗಿಸುತ್ತಾರೆ, ಒಂದು ತುಂಡನ್ನು ಬಿಸಿನೀರಿನ ಬಾಟಲಿಯಲ್ಲಿ ಮುಳುಗಿಸಿಟ್ಟು ಮರುದಿನ ಮುಚ್ಚಳ ತೆಗೆದು ಮತ್ತೆ ಮೂಸುತ್ತಾರೆ. ವಾಸನೆ ಬಂದರೆ ಇಡೀ ಸುರುಳಿ ವಾಪಸ್, ಬರದಿದ್ದರೆ ಬೀದಿಗೆಲ್ಲ ಕೇಳುವಂತೆ “ಪಾಸಾಯ್ತು!” ಎಂದು ಕೂಗುತ್ತಾರೆ. ಎದುರಿಗೆ ಹೂವು ಮಾರುವ ಮುನಿಯಮ್ಮ, “ಹೆಣ್ಣು ನೋಡಾಕೆ ಹೋದಾಗ್ಲೂ ಇಂಗೆ ಪರೀಕ್ಷೆ ಮಾಡಿರಕಿಲ್ಲ ಬುಡಿ ಸ್ವಾಮಿ,” ಎಂದು ಛೇಡಿಸುತ್ತಾರೆ. “ಮೀನು ಕೆಮ್ಮಲ್ಲ ಕಣಮ್ಮ, ಅದಕ್ಕೇ ನಾನು ಮೂಸ್ಬೇಕು,” ಎನ್ನುತ್ತಾರೆ ಇವರು. ನಿನ್ನೆ ಕೊರಟಗೆರೆ ಕಡೆಯ ರೈತ ಬೋರಯ್ಯ ಮಗಳಿಗೆಂದು ಮೀನು ಕೊಂಡು, “ಪೈಪ್ ಬ್ಯಾಡ ಸ್ವಾಮಿ, ಬೆಳೆಗೆ ಔಸ್ದಿ ಹೊಡೆಯೋ ಕ್ಯಾನಿಂದು ಐತೆ, ತೊಳ್ದು ಹಾಕ್ತೀನಿ,” ಎಂದರು. ಪರ್ವತಯ್ಯ ಮೀನಿನ ಕವರನ್ನು ಅವರ ಕೈಯಿಂದ ಕಿತ್ತುಕೊಂಡೇ ಬಿಟ್ಟರು! ಪಾಸಾದ ಪೈಪನ್ನು ಒಂದು ಮಾರು ಕತ್ತರಿಸಿ, ಬಿಟ್ಟಿಯಾಗಿ ಕೊಟ್ಟ ಮೇಲೇ ಮೀನನ್ನು ಹಿಂದಿರುಗಿಸಿದ್ದು. ಆಮೇಲೆ ಮೆಲ್ಲಗೆ ಹೇಳಿದರು: “ನಾನೂ ಒಂದ್ಸಲ ಅಂಥದ್ದೇ ಪೈಪನ್ನ ಮೂರು ಸಲ ತೊಳ್ದು ಹಾಕಿದ್ದೆ ಕಣಯ್ಯ. ಬೆಳಿಗ್ಗೆ ನನ್ ಮಗಳು ಭವ್ಯ ತೊಟ್ಟಿ ಮುಂದೆ ನಿಂತು, ‘ಮೀನು ಯಾಕಪ್ಪಾ ಇನ್ನೂ ಎದ್ದಿಲ್ಲ?’ ಅಂದ್ಲು.”