ಬೆರಳು ಬಿಚ್ಚುವ ಹೊತ್ತು

ಮಕ್ತುಮಬಿ ಬಾಗಲಕೋಟೆಯ ದವಾಖಾನೆಗೆ ಹೋಗಿದ್ದ ದಿನ, ಮಗ್ಗದ ಮಾಲೀಕರು ಆಳು ಕಳಿಸಿ ಅವಳ ಮನೆಯೊಳಗಿನ ಮಗ್ಗ ಬಿಚ್ಚಿ ಒಯ್ದರು. ಅವಳು ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿಗೆ ಮಣ್ಣು ತುಂಬಿಸಿದರು.

ಅದಾಗಿ ಏಳು ತಿಂಗಳು. ಇಳಕಲ್ಲಿನ ಆ ಓಣಿಯಲ್ಲಿ ಈಗ ನಸುಕು. ನಲವತ್ತಮೂರು ವರ್ಷದ ಮಕ್ತುಮಬಿ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿ ಕೂತಿದ್ದಾಳೆ. ಮುಷ್ಟಿ ಬಿಚ್ಚಲು ಒಂದು ತಾಸು ಬೇಕು. ಮೊದಲು ತೋರುಬೆರಳು, ಆಮೇಲೆ ಹೆಬ್ಬೆರಳು. ಕಿರುಬೆರಳಿನದು ಅದರ ಮರ್ಜಿ. ಓಣಿಯ ತುಂಬ ಮಗ್ಗಗಳ ಸದ್ದು ಏಳುತ್ತದೆ. ಅವಳ ಮನೆಯಲ್ಲಿ ನೀರು ತಣ್ಣಗಾಗುತ್ತದೆ, ಅಷ್ಟೇ.

ಕೀಲುವಾತ. ಮೈಯ ಕಾವಲೇ ಮೈಮೇಲೆ ತಿರುಗಿಬೀಳುವ ರೋಗ. "ಹೊರಗಿನ ಕಳ್ಳ ಅಲ್ಲ, ಮನಿಯಾವನ ಅಂದ್ರು ಡಾಕ್ಟರು. ಹಂಗಾದ್ರ ಚಿಲಕ ಹಾಕಿ ಏನ್ ಮಾಡೂದ್ರಿ?" ಎನ್ನುತ್ತಾಳೆ ಅವಳು.

ಒಂಬತ್ತು ವರ್ಷದಿಂದ ಬರುತ್ತದೆ, ಹೋಗುತ್ತದೆ. ಬಂದಾಗ ಬಾಗಿಲು ಮುಚ್ಚಿರುತ್ತದೆ, ಯಾರೂ ನೋಡುವುದಿಲ್ಲ. ಹೋದಾಗ ಹೊರಗೆ ಬರುತ್ತಾಳೆ. ನೋಡಿದವರು, 'ಏನಾಗೇತಿ ಆಕಿಗೆ, ನೆಟ್ಟಗ ಅದಾಳಲ್ಲ' ಅನ್ನುತ್ತಾರೆ. ಗಂಡ ಮೂರನೇ ವರ್ಷಕ್ಕೇ ಹುನಗುಂದದಲ್ಲಿ ಬೇರೆ ಮನೆ ಮಾಡಿದ. ಹೆರಳು ಹಾಕುವವರಿಲ್ಲವೆಂದು ಅವಳು ಕೂದಲು ಕತ್ತರಿಸಿಕೊಂಡಿದ್ದಾಳೆ.

ತಪ್ಪು ಅವಳಿಂದಲೂ ಆಯಿತು, ಮುಚ್ಚಿಡುವುದಿಲ್ಲ. ಹಿಂದಿನ ವರ್ಷ ಹನ್ನೊಂದು ತಿಂಗಳು ನೋವೇ ಇರಲಿಲ್ಲ. ವಾಸಿಯಾಯಿತೆಂದು ದರ್ಗಾದಲ್ಲಿ ಸಕ್ಕರೆ ಹಂಚಿ, ವಾರಕ್ಕೊಮ್ಮೆಯ ಗುಳಿಗೆ ನಿಲ್ಲಿಸಿದಳು. ಇಳಕಲ್ ಸೀರೆಯ ಮೈಗೆ ಉದ್ದ ಎಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು. ಎರಡರ ಎಳೆ ಎಳೆಯನ್ನೂ ಕುಣಿಕೆ ಹಾಕಿ ಕೂಡಿಸಬೇಕು. ಅದೇ ಕೊಂಡಿ, ಸೀರೆಗೆ ಸಾವಿರಗಟ್ಟಲೆ. ನೋವು ಮರಳಿದ ವಾರ ಬೆರಳು ಬಿಗಿ ಹಿಡಿಯಲಿಲ್ಲ. ಒಂದು ಮದುವೆ ಸೀರೆಯ ಕೊಂಡಿ ಮಗ್ಗದ ಮೇಲೆಯೇ ಜಾರಿ, ಸೆರಗು ಮೈಬಿಟ್ಟಿತು. ಇಪ್ಪತ್ತೆರಡು ವರ್ಷ ಅವಳು ನೇಯ್ದದ್ದು ಯಾರ ನೆನಪಿಗೂ ಬರಲಿಲ್ಲ. ಮಗ್ಗ ಒಯ್ಯಲು ಆ ಒಂದು ಸೀರೆ ಸಾಕಾಯಿತು.

ಈಗ ಮತ್ತೆ ಗುಳಿಗೆ, ಮೂರು ತಿಂಗಳಿಗೊಮ್ಮೆ ಬಾಗಲಕೋಟೆಯ ಬಸ್ಸು, ರಕ್ತದ ತಪಾಸಣೆ. ಬಿಸಿಲೇರಿದ ಮೇಲೆ ಪಕ್ಕದ ಮನೆಯ ಹುಚ್ಚವ್ವನ ಮಗ್ಗಕ್ಕೆ ಕೊಂಡಿ ಹಾಕಲು ಹೋಗುತ್ತಾಳೆ.

"ಏನವಾ, ಇವತ್ತ ನಿನ್ನ ಬೆರಳ ಮಾತಾಡ್ತಾವೋ, ಮುನಿಸಿಕೊಂಡಾವೋ?" ಹುಚ್ಚವ್ವ ಕೆಣಕುತ್ತಾಳೆ.

"ಎಂಟ ಮಾತಾಡ್ತಾವ. ಉಳದ ಎರಡ ನಿನ್ನ ಸೊಸಿಯಂಗ, ಇನ್ನೂ ಎದ್ದಿಲ್ಲ."

ಈ ಎರಡು ತಿಂಗಳಿಂದ ಬಾವು ಇಳಿದಿದೆ. ರೋಗ ಮಲಗಿದೆ, ಸತ್ತಿಲ್ಲ ಎಂದಿದ್ದಾರೆ ಡಾಕ್ಟರು. "ಪೂರಾ ಹೋಗ್ಲಿ ಅನ್ನೂದಿಲ್ರಿ," ಎನ್ನುತ್ತಾಳೆ ಮಕ್ತುಮಬಿ, ಕೈಯ ಎಳೆ ಬಿಡದೆ. "ಮಲಗಿದ್ದು ಹಂಗ ಮಲಗಿರ್ಲಿ. ಒಂದ್ ವರ್ಷ ಏಳ್ಲಿಲ್ಲಂದ್ರ, ಕುಣಿಯಾಗಿನ ಮಣ್ಣ ನಾನ ತಗೀತೇನಿ."

ಹುಚ್ಚವ್ವನ ಮನೆಯ ಹೊಸ್ತಿಲಲ್ಲಿ ಮಾಲೀಕರ ಗುಮಾಸ್ತ ರಾಜಮಹ್ಮದ ನಿಂತಿದ್ದಾನೆ. ಈ ತಿಂಗಳಲ್ಲಿ ಮೂರನೇ ಸಲ. ಅದೇ ಕಾಗದ: 'ಕಾಯಿಲೆಯ ಕಾರಣ ಸ್ವಂತ ಖುಷಿಯಿಂದ ಮಗ್ಗ ಬಿಟ್ಟಿದ್ದೇನೆ. ಇನ್ನು ಮುಂದೆ ನೇಯುವುದಿಲ್ಲ.' ಹೆಬ್ಬೆಟ್ಟು ಒತ್ತಿದರೆ ನೇಕಾರರ ಪಟ್ಟಿಯಿಂದ ಅವಳ ಹೆಸರು ಹೋಗುತ್ತದೆ. ಕೈ ನೆಟ್ಟಗಾದರೂ ಮತ್ತೆ ಮಗ್ಗ ಕೇಳುವಂತಿಲ್ಲ.

"ಹೆಬ್ಬಟ್ಟ ಒತ್ತಿಬಿಡು ಆಪಾ. ಕೈ ನಡಗಿದ್ರ ನಾ ಹಿಡೀತೇನಿ."

ಮಕ್ತುಮಬಿ ಅವನನ್ನು ಮಗ್ಗದ ಬಳಿ ಕರೆದು, ಆಗಷ್ಟೇ ಹಾಕಿದ ಕೊಂಡಿಯನ್ನು ತೋರಿಸುತ್ತಾಳೆ. "ಜಗ್ಗಿ ನೋಡು ಭಾಯಿ."

ಅವನು ಮೆಲ್ಲಗೆ ಜಗ್ಗುತ್ತಾನೆ. ಇನ್ನೊಮ್ಮೆ, ಜೋರಾಗಿ. ಕೊಂಡಿ ಕದಲುವುದಿಲ್ಲ.

"ಒಯ್ಯಿ ಕಾಗದಾ," ಎನ್ನುತ್ತಾಳೆ ಅವಳು, ಮುಂದಿನ ಎಳೆ ಹುಡುಕುತ್ತ. "ನಾ ಒತ್ತೂದಿಲ್ಲ."