ಗೀಟು ಬೀಳದೆ ಉಳಿದ ಸಾಲುಗಳು

ಯರಗಟ್ಟಿ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಎತ್ತಿಕೊಂಡ ಪತ್ರಿಕೆಯಲ್ಲಿ ಯುದ್ಧದ ಸುದ್ದಿಯ ತುಂಬ ಪೆನ್ಸಿಲ್ ಗೀಟು!

"ಏನ್ರಿ ಅಕ್ಕಾರ, ಪೇಪರ್ ಹಿಂಗ್ಯಾಕ ಗೀಚೀರಿ?" ಎಂದು ಅಂಗಡಿಯ ಒಡತಿ ಶಾಂತವ್ವನವರನ್ನು ರೇಗಿಯೇ ಕೇಳಿದೆ.

ಅವರು ಒಲೆ ಸಣ್ಣಗೆ ಮಾಡಿ ಇನ್ನೊಂದು ಪತ್ರಿಕೆಯನ್ನೂ ತಂದು ಪಕ್ಕದಲ್ಲಿಟ್ಟರು. ಒಂದು ಸರ್ಕಾರವನ್ನು ಹೊಗಳುವಂಥದ್ದು, ಇನ್ನೊಂದು ಬಯ್ಯುವಂಥದ್ದು.

"ಮಗಾ ಮಿಲಿಟರ್ಯಾಗ ಅದಾನ್ರಿ. ಒಂದರಾಗ ಇದ್ದು ಇನ್ನೊಂದರಾಗ ಇಲ್ಲದ್ದಕ್ಕ ಗೀಟ ಹೊಡೀತೇನಿ. ಎರಡರಾಗೂ ಇದ್ದದ್ದನ್ನಷ್ಟ ಸೊಸಿಗೆ ಓದಿ ಹೇಳತೇನಿ. ಆಕಿಗೆ ಸುಳ್ಳ ಧೈರ್ಯಾನೂ ಬ್ಯಾಡ, ಸುಳ್ಳ ಅಂಜಿಕಿನೂ ಬ್ಯಾಡ."

ಅಂದು ಇಡೀ ಪುಟದಲ್ಲಿ ಉಳಿದಿದ್ದು ಮೂರು ಸಾಲು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಯನ್ನು ಕರೆದು ಅಷ್ಟನ್ನೇ ನಿಧಾನವಾಗಿ ಓದಿದರು. ತಮ್ಮದೊಂದು ಮಾತೂ ಸೇರಿಸಲಿಲ್ಲ.

ಮೂವತ್ತು ವರ್ಷ ಒಂದೇ ಪತ್ರಿಕೆ ಓದಿ, ಅದರ ಮಾತನ್ನೇ ನನ್ನ ಮಾತೆಂದು ಕಂಡಕಂಡವರೊಡನೆ ಜಗಳಾಡಿದವನು ನಾನು. ಅಂದು ಮೊದಲ ಸಲ ಎದುರು ಪಕ್ಷದ ಕಡೆ ವಾಲುವ ಪತ್ರಿಕೆಯನ್ನೂ ಕೊಂಡೆ. ಬಸ್ಸಿನಲ್ಲಿ ಕೂತು, ನನ್ನ ಮೆಚ್ಚಿನ ನಾಯಕರ ಭಾಷಣದ ಸುದ್ದಿಗೆ ಶಾಂತವ್ವನವರಂತೆಯೇ ಗೀಟು ಎಳೆಯುತ್ತ ಹೋದೆ. ಬೈಲಹೊಂಗಲ ಬರುವಷ್ಟರಲ್ಲಿ ಉಳಿದದ್ದು ಸಭೆ ನಡೆದ ಊರಿನ ಹೆಸರು ಮತ್ತು ಅವರ ಹೆಸರು ಮಾತ್ರ.